ಉಪ್ಪಿನ ಲೆಕ್ಕ
(ಬಾನುಲಿ ಭಾಷಣ)



ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಲಿಥಿಯಮ್ ಎಂಬ ಔಷಧದ ವಿಷಯವಾಗಿ ಮಾತನಾಡಲು ನನಗಿರುವ ಅಧಿಕಾರ ಒಂದೇ: ಅನೇಕ ವರ್ಷಗಳಿಂದ ರಾತ್ರಿ ಊಟವಾದ ಮೇಲೆ ಅದರ ಗುಳಿಗೆಗಳನ್ನು ನುಂಗುತ್ತ ಬಂದಿದ್ದೇನೆ. ಒಂದು ಕಾಲದಲ್ಲಿ ವಾರಗಟ್ಟಲೆ ನಿದ್ದೆಯಿಲ್ಲದೆ, ಸಾಲ ಮಾಡಿ ಪುಸ್ತಕ ಕೊಂಡು, ದಾರಿಹೋಕರಿಗೆಲ್ಲ ಹಂಚುತ್ತಿದ್ದ ಉನ್ಮಾದ ನನ್ನದು. ಮತ್ತೊಂದು ಕಾಲದಲ್ಲಿ ಹಾಸಿಗೆ ಬಿಟ್ಟು ಏಳಲಾರದ ವಿಷಾದ. ಈ ಎರಡು ದಡಗಳಿಗೂ ಬಡಿಯದಂತೆ ನನ್ನ ದೋಣಿಯನ್ನು ನಡುನೀರಿನಲ್ಲಿ ನಡೆಸುತ್ತಿರುವುದು ಅಡುಗೆಯ ಉಪ್ಪಿನ ದಾಯಾದಿಯಾದ ಒಂದು ಲವಣ.

ಅದರ ಗುಣವನ್ನು ಲೋಕಕ್ಕೆ ತಿಳಿಸಿದವರು ಆಸ್ಟ್ರೇಲಿಯದ ಜಾನ್ ಕೇಡ್. ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರದ ಚಾಂಗಿ ಸೆರೆಯಲ್ಲಿ ಮೂರು ವರ್ಷಕ್ಕೂ ಮೀರಿ ಕಳೆದು ಬಂದ ಈ ವೈದ್ಯರು, ಮೆಲ್ಬರ್ನ್ ಸಮೀಪದ ಬುಂಡೂರಾ ಆಸ್ಪತ್ರೆಯಲ್ಲಿ ಗಿನಿಹಂದಿಗಳಿಗೆ ಲಿಥಿಯಮ್ ಚುಚ್ಚಿದಾಗ ಅವು ಶಾಂತವಾದುದನ್ನು ಕಂಡರು. ತಾವೇ ಮೊದಲು ಸೇವಿಸಿ ನೋಡಿ, 1948ರ ಮಾರ್ಚಿಯಲ್ಲಿ ಐದು ವರ್ಷಗಳಿಂದ ಉನ್ಮಾದದಲ್ಲಿದ್ದ 51 ವಯಸ್ಸಿನ ರೋಗಿಯೊಬ್ಬನಿಗೆ ಕೊಟ್ಟರು. ಕೆಲವೇ ತಿಂಗಳಲ್ಲಿ ಆತ ಮನೆಗೆ ಮರಳಿದ. ಆದರೆ ಗುಳಿಗೆ ಬಿಟ್ಟ, ರೋಗ ಮರುಕಳಿಸಿತು. ಮತ್ತೆ ಔಷಧ ಕೊಟ್ಟರು. 1950ರಲ್ಲಿ ಅದೇ ಔಷಧದ ವಿಷ ಮೈಗೇರಿ ಆತ ತೀರಿಕೊಂಡ. ಅಮೆರಿಕದಲ್ಲಿಯೂ ಹೃದ್ರೋಗಿಗಳು ಉಪ್ಪಿಗೆ ಬದಲಾಗಿ ಬಳಸುತ್ತಿದ್ದ ಲಿಥಿಯಮ್ ಲವಣ 1949ರಲ್ಲಿ ಕೆಲವರ ಪ್ರಾಣ ತೆಗೆದಿತ್ತು.

ಜೀವ ಉಳಿಸುವ ವಸ್ತುವೇ ಜೀವ ತೆಗೆದದ್ದೇಕೆ? ನುಂಗಿದ್ದೆಷ್ಟು ಎಂಬುದು ಎಲ್ಲರಿಗೂ ಗೊತ್ತಿತ್ತು. ರಕ್ತದಲ್ಲಿ ಉಳಿದಿರುವುದೆಷ್ಟು ಎಂಬುದನ್ನು ಅಳೆದು ನೋಡುವ ರೂಢಿ ಇನ್ನೂ ಬಂದಿರಲಿಲ್ಲ. ಲಿಥಿಯಮ್ ಉರಿಗೆ ತಾಗಿದರೆ ಕೆಂಬಣ್ಣ ಬೀರುತ್ತದೆ. ಆ ಕೆಂಪಿನ ಪ್ರಮಾಣ ಹಿಡಿದು ರಕ್ತದಲ್ಲಿರುವ ಲಿಥಿಯಮನ್ನು ಅಳೆಯುವ ಕ್ರಮವನ್ನು ಮೆಲ್ಬರ್ನ್ ವಿಶ್ವವಿದ್ಯಾಲಯದ ಟ್ರೌಟ್ನರ್ ಮೊದಲಾದವರು 1951ರ ವೇಳೆಗೆ ಬಳಕೆಗೆ ತಂದರು. ಡೆನ್ಮಾರ್ಕಿನ ಮೋಗೆನ್ಸ್ ಶೌ ಮತ್ತು ಸಂಗಡಿಗರು 1954ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಔಷಧದ ಮೇಲಿನ ನಂಬಿಕೆ ಬೆಳೆಯಿತು.

ಈ ಲೆಕ್ಕದ ಬೆಲೆ ನನಗೆ ತಿಳಿದದ್ದು ಒಂದು ಬೇಸಗೆಯಲ್ಲಿ. ರಾಯಚೂರಿನ ಕಡೆ ಮದುವೆಯೊಂದಕ್ಕೆ ಹೋಗಿದ್ದೆ. ಬಿಸಿಲಿಗೋ ಊಟಕ್ಕೋ, ಎರಡು ದಿನ ವಾಂತಿಭೇದಿ. ಮಂಡಿನೋವಿಗೆಂದು ಅಂಗಡಿಯಿಂದ ತಂದ ನೋವಿನ ಮಾತ್ರೆ ಬೇರೆ. ಇಷ್ಟಾದರೂ ವ್ರತದಂತೆ ಲಿಥಿಯಮ್ ಮಾತ್ರ ಬಿಡಲಿಲ್ಲ. ಮನೆಗೆ ಬಂದಾಗ ನನ್ನಾಕೆ, “ಕೈಯಲ್ಲಿ ಲೋಟ ನಿಲ್ತಾ ಇಲ್ಲ, ಮಾತೂ ತೊದಲ್ತಾ ಇದೆಯಲ್ರೀ!” ಎಂದು ಗಾಬರಿಯಾದಳು. ಆಸ್ಪತ್ರೆಯಲ್ಲಿ ರಕ್ತ ನೋಡಿದರೆ 1.9. ಹಿಂದಿನ ಪರೀಕ್ಷೆಯಲ್ಲಿ ಇದ್ದದ್ದು 0.7. ಈ ನಡುವೆ ನಾನು ಒಂದು ಗುಳಿಗೆಯನ್ನೂ ಹೆಚ್ಚಾಗಿ ನುಂಗಿರಲಿಲ್ಲ!

ವೈದ್ಯರು ಹಾಸಿಗೆಯ ಪಕ್ಕದಲ್ಲಿ ಕುಳಿತು ವಿವರಿಸಿದರು. ಲಿಥಿಯಮ್ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ಮೈಯ ನೀರು ಉಪ್ಪು ಇಂಗಿದಾಗ ಮೂತ್ರಪಿಂಡ ಉಪ್ಪನ್ನು ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಆ ಭರದಲ್ಲಿ ದಾಯಾದಿಯನ್ನೂ ಒಳಗೇ ಎಳೆದುಕೊಳ್ಳುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳೂ, ರಕ್ತದೊತ್ತಡದ ಕೆಲವು ಔಷಧಗಳೂ ಇದೇ ಕೆಲಸ ಮಾಡುತ್ತವೆ. ಹಠಾತ್ತನೆ ಉಪ್ಪು ಬಿಡುವ ವ್ರತವೂ ಅಷ್ಟೇ.

ರೋಗ ಮರುಕಳಿಸದಂತೆ ಕಾಯಲು ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಸಾಕು; ಉನ್ಮಾದದ ಉಬ್ಬರದಲ್ಲಿ 1.0ರ ತನಕ ಏರಿಸುವುದುಂಟು. 1.5 ದಾಟಿದರೆ ವಿಷದ ಭಯ, 2.0 ದಾಟಿದರೆ ಪ್ರಾಣಾಪಾಯ. ವೃದ್ಧರಿಗೆ ಇದಕ್ಕಿಂತ ಕಡಿಮೆಯಲ್ಲೇ ವಿಷ ತಲೆದೋರಬಹುದು. ಆದ್ದರಿಂದ ಪಕ್ಕದ ಮನೆಯವರ ಗುಳಿಗೆಯ ಲೆಕ್ಕ ನಮ್ಮದಾಗದು. ರಕ್ತ ಕೊಡುವುದು ಕೊನೆಯ ಗುಳಿಗೆ ನುಂಗಿದ ಹನ್ನೆರಡು ಗಂಟೆಗಳ ಮೇಲೆ. ಒಮ್ಮೆ ನಾನು ಬೆಳಿಗ್ಗೆಯ ಗುಳಿಗೆ ನುಂಗಿ ಹೋಗಿ, ಸುಳ್ಳು ಏರಿಕೆ ತೋರಿಸಿ, ವೈದ್ಯರಿಂದ ಬೈಸಿಕೊಂಡದ್ದುಂಟು. ಪ್ರಮಾಣ ಬದಲಿಸಿದರೆ ರಕ್ತದ ಮಟ್ಟ ನೆಲೆಗೊಳ್ಳಲು ಐದರಿಂದ ಏಳು ದಿನ ಬೇಕು. ಅವಸರದ ಪರೀಕ್ಷೆ ಪ್ರಯೋಜನವಿಲ್ಲ. ವರ್ಷದಲ್ಲಿ ಒಂದೆರಡು ಸಲವಾದರೂ ಮೂತ್ರಪಿಂಡ, ಥೈರಾಯ್ಡ್, ಕ್ಯಾಲ್ಸಿಯಮ್‌ಗಳ ಪರೀಕ್ಷೆಯೂ ಆಗಬೇಕು.

ಸಲೈನು ಇಳಿಸಿಕೊಂಡು ಮಲಗಿದ್ದಾಗ, “ಇನ್ನು ಈ ಗುಳಿಗೆಯೇ ಬೇಡ” ಎಂದೆ. ವೈದ್ಯರು ಕೇಡ್‌ರ ಆ ಮೊದಲ ರೋಗಿಯ ಕಥೆ ಹೇಳಿದರು. “ಅವನಿಗೆ ಎರಡು ಸಲ ಕೇಡಾಯಿತು, ಮೇಷ್ಟ್ರೇ. ಒಂದು ಸಲ ಬಿಟ್ಟು, ಇನ್ನೊಂದು ಸಲ ಅಳೆಯದೆ. ನೀವು ಎರಡನ್ನೂ ಮಾಡಬೇಡಿ” ಎಂದರು. ಕೆಲವು ದಿನ ನಿಲ್ಲಿಸಿ, ರಕ್ತ ನೋಡಿ, ಕಡಿಮೆ ಪ್ರಮಾಣದಲ್ಲಿ ಮತ್ತೆ ಆರಂಭಿಸಿದರು.

ಅಂದಿನಿಂದ ನನ್ನ ಗೋಡೆಯ ಪಂಚಾಂಗದಲ್ಲಿ ಹಬ್ಬಗಳ ಜೊತೆಗೆ ರಕ್ತಪರೀಕ್ಷೆಯ ದಿನಗಳಿಗೂ ಕೆಂಪು ಗುರುತಿದೆ. ವಾಂತಿಭೇದಿಯಾದರೆ ಮುಂದಿನ ಗುಳಿಗೆಗೆ ಮೊದಲೇ ವೈದ್ಯರನ್ನು ಕೇಳುತ್ತೇನೆ. ಕೈ ನಡುಕ ನನಗಿಂತ ಮುಂಚೆ ಕಾಣುವುದು ಮನೆಯವರಿಗೆ. ಅವರ ಮಾತನ್ನು ತಳ್ಳಿಹಾಕುವುದಿಲ್ಲ. ಮನೋರೋಗದ ಹೆಸರೆತ್ತಲು ನಾಚುವ ನಮ್ಮ ಸಮಾಜದಲ್ಲಿ, ಇಂದು ಇಷ್ಟನ್ನು ಗಟ್ಟಿಯಾಗಿ ಹೇಳಿದ್ದು ಇನ್ನೊಬ್ಬರಿಗೆ ಆ ಲೆಕ್ಕ ತಪ್ಪದಿರಲೆಂದು.