ಟಪಾಲು ವಿಂಗಡಿಸೋದನ್ನ ಸಿನಿಮಾ ಮಾಡೋದು ಹೇಗೆ?

ಇವತ್ತು ಒಂದೇ ಸಿನಿಮಾ: ಟೈಲರ್ ಪೆರ್ರಿ ಅವರ ‘ದಿ ಸಿಕ್ಸ್ ಟ್ರಿಪಲ್ ಎಯ್ಟ್’. ನೆಟ್‌ಫ್ಲಿಕ್ಸ್‌ನಲ್ಲಿದೆ, ನೋಡಿಲ್ಲದವರೂ ಕೇಳಬಹುದು.

1945ರ ಫೆಬ್ರವರಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಅಮೆರಿಕದ ಸೈನಿಕರಿಗೆ ಮನೆಯಿಂದ ಬಂದ ಸುಮಾರು 1.7 ಕೋಟಿ ಟಪಾಲು ಗೋಡೌನ್‌ಗಳಲ್ಲಿ ರಾಶಿ ಬಿದ್ದಿದೆ. ಕೊರೆಯೋ ಚಳಿ. ತಿಂಡಿ ಪಾರ್ಸೆಲ್‌ಗಳಿಗೆ ಇಲಿ ಹತ್ತಿದೆ. ಆಗ ಬಂದಿದ್ದು ಮೇಜರ್ ಚಾರಿಟಿ ಆಡಮ್ಸ್ ಅವರ 6888ನೇ ಬೆಟಾಲಿಯನ್. 855 ಮಹಿಳೆಯರು, ಬಹುತೇಕ ಎಲ್ಲರೂ ಕಪ್ಪು ವರ್ಣದವರು. ಮೂರು ಪಾಳಿ, ಪಾಳಿಗೆ ಸುಮಾರು 65,000 ಟಪಾಲು.

ನಾನು ಓದಿದ್ದು ಬಿ.ಕಾಂ., ಲೆಡ್ಜರ್ ಅಂದ್ರೆ ಗೌರವ ಜಾಸ್ತಿ. ಆದ್ರೆ ಇವರು ಇಟ್ಟಿದ್ದು ಸುಮಾರು 70 ಲಕ್ಷ ಕಾರ್ಡು! ರಾಬರ್ಟ್ ಸ್ಮಿತ್ ಅನ್ನೋ ಒಂದೇ ಹೆಸರಲ್ಲಿ 7,500 ಜನ. ಸೀರಿಯಲ್ ನಂಬರ್ ನೋಡಿಯೇ ಬೇರೆ ಮಾಡ್ಬೇಕು. ಆರು ತಿಂಗಳು ಕೊಟ್ಟಿದ್ದ ಕೆಲಸ ಮೂರೇ ತಿಂಗಳಲ್ಲಿ ಮುಗೀತು.

ಇದನ್ನ ತೆರೆ ಮೇಲೆ ತೋರಿಸೋದು ಕಷ್ಟಾನೇ. ಕೂತು ವಿಳಾಸ ಓದೋರನ್ನ ಎಷ್ಟು ಹೊತ್ತು ನೋಡ್ತೀರಾ? ಅದಕ್ಕೇ ಪೆರ್ರಿ, ಆ ಪಡೆಯಲ್ಲಿದ್ದ ಲೀನಾ ಡೆರಿಕಾಟ್ ಅವರ ಪ್ರೇಮಕಥೆ ಹಿಡ್ಕೊಂಡ್ರು. ನನಗಂತೂ ಅದು ಸ್ವಲ್ಪ ಎಳೆದ ಹಾಗಾಯ್ತು. ಗೋಡೌನ್ ಒಳಗೆ ಕ್ಯಾಮೆರಾ ಹೋದಾಗಲೇ ಸಿನಿಮಾಗೆ ಜೀವ ಬರೋದು. ಆಡಮ್ಸ್ ಪಾತ್ರದ ಕೆರ್ರಿ ವಾಷಿಂಗ್ಟನ್ ಜನರಲ್‌ಗೆ ಎದುರು ನಿಲ್ಲೋ ದೃಶ್ಯಕ್ಕೆ ನಾನು ಎದ್ದು ಕೂತೆ.

ಇವರಿಗೆ ಕಾಂಗ್ರೆಸ್ಸಿನ ಚಿನ್ನದ ಪದಕ ಕೊಡೋ ಕಾನೂನಿಗೆ ಸಹಿ ಬಿದ್ದಿದ್ದು 2022ರಲ್ಲಿ. ಅಷ್ಟರಲ್ಲಿ ಹೆಚ್ಚಿನವರು ಉಳಿದಿರ್ಲಿಲ್ಲ. ಸಿನಿಮಾ ಬಿಡುಗಡೆಯಾಗಿದ್ದು 2024ರ ಡಿಸೆಂಬರ್‌ನಲ್ಲಿ. ಲೀನಾ ಅದೇ ಜನವರಿಯಲ್ಲೇ ತೀರ್ಕೊಂಡಿದ್ರು, 100 ವರ್ಷ. ಅದಕ್ಕೆ ಮುಂಚೆ ಪೆರ್ರಿ ಅವರಿಗೆ ಸಿನಿಮಾ ತೋರಿಸಿದ್ರು.