ಚರ್ಮ ದಾಟುವ ಕರೆಂಟು



ಕಲ್ಕತ್ತೆಯ ಬಾಲಿಗಂಜ್ ಕಡೆಯಿಂದ ಬಿಜನ್ ಸೇತು ಇಳಿದು, ಕಸ್ಬಾದ ಗಿಜಿಗಿಜಿ ದಾಟಿ ನೇರ ಹೋದರೆ ರೂಬಿ ಮೋಡ್. ಅಲ್ಲಿಗೆ ಹತ್ತಿರದಲ್ಲೇ ಇರುವ ಆನಂದಪುರದ ಫೋರ್ಟಿಸ್ ಆಸ್ಪತ್ರೆಯಲ್ಲಿ 2018ರ ಮೇ 21ರಂದು ಪೂರ್ವ ಭಾರತದ ಮೊದಲ ಹೃದಯ ಕಸಿ ನಡೆಯಿತು. ಆ ಹೃದಯ ಬಂದದ್ದು ನಮ್ಮ ಬೆಂಗಳೂರಿನಿಂದ, ವಿಮಾನದಲ್ಲಿ. ಕಲ್ಕತ್ತೆಯ ಕನ್ನಡಿಗರು ಹೆಮ್ಮೆಪಡುವ ಸಂಗತಿಯೇ. ಆದರೆ ಒಂದು ಮನೆಯ ಸಾವಿನ ಮೇಲೆ ನಿಂತ ಚಿಕಿತ್ಸೆ ಎಷ್ಟು ಜನಕ್ಕೆ ಎಟಕೀತು? ದಾನಿ ಸಿಗುವ ತನಕ, ಸಿಗದೇ ಹೋದರೆ ಬದುಕಿನುದ್ದಕ್ಕೂ, ಸೋತ ಹೃದಯಕ್ಕೆ ಹೆಗಲು ಕೊಡುವುದು ಪಂಪು.

ಇಂದಿನ ಹಾರ್ಟ್‌ಮೇಟ್ 3 ಪಂಪಿನ ತೂಕ ಸುಮಾರು 200 ಗ್ರಾಂ. ಕಾಂತಬಲದಲ್ಲಿ ತೇಲುವ ಅದರ ಚಕ್ರ ನಿಮಿಷಕ್ಕೆ ಐದಾರು ಸಾವಿರ ಸುತ್ತು ತಿರುಗಿ, ಎಡ ಹೃತ್ಕುಕ್ಷಿಯ ರಕ್ತವನ್ನು ಮಹಾಪಧಮನಿಗೆ ದೂಡುತ್ತದೆ. ಬೇಕಾದದ್ದು ಐದು ವಾಟ್ ಆಸುಪಾಸಿನ ಕರೆಂಟು. ಬಚ್ಚಲಿನ ಎಲ್‌ಇಡಿ ಬಲ್ಬಿನಷ್ಟು. ಅಷ್ಟನ್ನು ಹೊರಗಿನ ಬ್ಯಾಟರಿಯಿಂದ ಒಯ್ಯಲು ಹೊಟ್ಟೆಯ ಚರ್ಮ ತೂರಿ ಒಂದು ವೈರು ಹೊರಬರುತ್ತದೆ. ರೋಗಿಯ ಕಷ್ಟದ ಬಹುಪಾಲು ಈ ವೈರಿನ ಸುತ್ತಲೇ. ಅದು ಹೊರಬರುವ ತೂತು ಎಂದೂ ಪೂರ್ತಿ ಮುಚ್ಚದ ಗಾಯ. ಸೋಂಕು ಅಲ್ಲಿಂದ ಒಳಗೆ ಹತ್ತುತ್ತದೆ. ಕೆರೆಯಲ್ಲಿ ಮುಳುಗುವಂತಿಲ್ಲ, ಗಂಗಾಸ್ನಾನ ಮರೆತೇಬಿಡಬೇಕು. ಜ್ಯೇಷ್ಠ ಮಾಸದ ಬೆವರಿನಲ್ಲಿ ಕಲ್ಕತ್ತೆಯವರು ಆ ಡ್ರೆಸ್ಸಿಂಗ್ ಒಣಗಿರುವಂತೆ ನೋಡಿಕೊಳ್ಳುವುದೆಂದರೆ ಏನೆಂದು ನಿಮಗೆ ವಿವರಿಸಬೇಕಿಲ್ಲ.

ವೈರು ತೆಗೆದುಬಿಡಬಾರದೇ? ಈ ಊರಿನಲ್ಲಿ ಪ್ರಶ್ನೆ ಕೇಳಿದೊಡನೆ ಜಗದೀಶಚಂದ್ರ ಬೋಸರ ಹೆಸರು ಬರುತ್ತದೆ. 1895ರ ಸುಮಾರಿಗೆ ಇಲ್ಲಿಯ ಟೌನ್ ಹಾಲಿನಲ್ಲಿ ಅವರು ಗೋಡೆಗಳಾಚೆಗೆ ರೇಡಿಯೋ ಅಲೆ ಕಳಿಸಿ ಗಂಟೆ ಬಾರಿಸಿದರು, ಸಿಡಿಮದ್ದು ಹೊತ್ತಿಸಿದರು; ಆ ಅಲೆ ಲೆಫ್ಟಿನೆಂಟ್ ಗವರ್ನರರ ಮೈಯನ್ನೂ ಹಾದುಹೋಯಿತಂತೆ. ಭಾಷಣಗಳಲ್ಲಿ ಇದನ್ನು ನಿಸ್ತಂತು ವಿದ್ಯುತ್ತಿನ ಆರಂಭ ಎನ್ನುವುದುಂಟು. ನಾನು ಒಪ್ಪುವುದಿಲ್ಲ. ಗಂಟೆ ಬಾರಿಸಿದ ಶಕ್ತಿ ಅತ್ತ ಕಡೆಯ ಬ್ಯಾಟರಿಯದು. ಅಲೆ ಬರೀ ಅಪ್ಪಣೆ ಒಯ್ದಿತು. ಹೃದಯದ ಪಂಪಿಗೆ ಅಪ್ಪಣೆ ಸಾಲದು, ಅನ್ನವನ್ನೇ ಕಳಿಸಬೇಕು.

ಆ ದಾರಿ ತೋರಿಸಿದ್ದು ಫ್ಯಾರಡೆ, 1831ರಲ್ಲಿ. ಹೊರಗೊಂದು ತಂತಿಸುರುಳಿ, ಚರ್ಮದಡಿ ಇನ್ನೊಂದು. ಹೊರಗಿನದರಲ್ಲಿ ಕರೆಂಟು ಏರಿಳಿದರೆ ಒಳಗಿನದರಲ್ಲೂ ಹುಟ್ಟುತ್ತದೆ. ಅಮೆರಿಕದ ಜಾನ್ ಶೂಡರ್ ಮತ್ತು ಜೊತೆಗಾರರು ಮುಚ್ಚಿದ ಎದೆಗೂಡಿನ ಮೂಲಕ ಹೀಗೆ ಶಕ್ತಿ ದಾಟಿಸುವುದನ್ನು 1961ರಲ್ಲೇ ಪ್ರಕಟಿಸಿದ್ದರು. 1999ರಲ್ಲಿ ಜರ್ಮನಿಯಲ್ಲಿ ಲಯನ್‌ಹಾರ್ಟ್ ಪಂಪು, 2001ರ ಜುಲೈ 2ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಅಬಿಯೋಕಾರ್ ಎಂಬ ಕೃತಕ ಹೃದಯ: ಎರಡೂ ವೈರಿಲ್ಲದೆ ಮನುಷ್ಯರ ಮೈಯೊಳಗೆ ದುಡಿದವು. ಹಾಗಿದ್ದೂ ಯಾಕೆ ಉಳಿಯಲಿಲ್ಲ? ಆ ಕಾಲದ ಯಂತ್ರಗಳು ಅಷ್ಟು ದಪ್ಪ. ಅಬಿಯೋಕಾರ್ ದೊಡ್ಡ ಮೈಕಟ್ಟಿನವರಿಗಷ್ಟೇ ಹಿಡಿಯುತ್ತಿತ್ತು, ರಕ್ತ ಹೆಪ್ಪುಗಟ್ಟುವ ಕಾಟ ಬೇರೆ. ಮುಂದೆ ಪಂಪು ಅಂಗೈಯಷ್ಟಾಯಿತು. ವಿಚಿತ್ರವೆಂದರೆ, ಆ ಹೊತ್ತಿಗೆ ಎಲ್ಲರೂ ವೈರಿಗೇ ಮರಳಿದ್ದರು.

ವೈರಿಲ್ಲದ ದಾರಿಯಲ್ಲಿ ಉಳಿದ ಕಷ್ಟ ಶಾಖದ್ದು. ನೂರಕ್ಕೆ ಎಂಬತ್ತು ಪಾಲು ದಾಟಿತೆನ್ನಿ. ಒಳಗೆ ಐದು ವಾಟ್ ಸಿಗಲು ಹೊರಗಿನಿಂದ ಆರೂಕಾಲು ಕೊಡಬೇಕು, ಒಂದೂಕಾಲು ವಾಟ್ ಶಾಖವಾಗುತ್ತದೆ. ದೇಹದೊಳಗಿನ ಸಾಧನದ ಮೇಲ್ಮೈ ಮೈಶಾಖಕ್ಕಿಂತ 2 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದೆಂಬುದು ನಿಯಮ. ರೋಗಿ ಮಗ್ಗುಲು ಬದಲಿಸಿ ಸುರುಳಿ ಜರುಗಿದರೆ ದಾಟುವ ಪಾಲು ಕುಸಿಯುತ್ತದೆ, ವ್ಯರ್ಥವಾಗುವ ಪಾಲು ಏರುತ್ತದೆ. ಇಸ್ರೇಲಿನ ಲೆವಿಟಿಕಸ್ ಕಾರ್ಡಿಯೋದವರು ಇದಕ್ಕೆ ಬೇರೆ ದಾರಿ ಹಿಡಿದರು: ಸುರುಳಿಯನ್ನು ಎದೆಗೂಡಿನೊಳಗೆ ಅಗಲವಾಗಿ ಕೂಡಿಸಿ, ಹೊರಗಿನದನ್ನು ಎದೆಯ ಸುತ್ತ ಪಟ್ಟಿಯಂತೆ ತೊಡಿಸಿದರು. 2018ರ ಡಿಸೆಂಬರಿನಲ್ಲಿ ಕಜಾಕಸ್ತಾನದ ಅಸ್ತಾನಾದಲ್ಲಿ ಇಬ್ಬರಿಗೆ ಜಾರ್ವಿಕ್ 2000 ಪಂಪಿನೊಡನೆ ಇದನ್ನು ಅಳವಡಿಸಲಾಯಿತು. ಹೊರಗಿನ ಪಟ್ಟಿ ಬಿಚ್ಚಿಟ್ಟರೂ ಒಳಗಿನ ಬ್ಯಾಟರಿ ಎಂಟು ಗಂಟೆಯವರೆಗೆ ನಡೆಸುತ್ತಿತ್ತು. ಅಬಿಯೋಕಾರ್‌ನದು ಅರ್ಧ ಗಂಟೆಯ ಮಾತು. ನಿದ್ದೆಯ ನಡುವೆ ಪಟ್ಟಿ ಜರುಗಿದರೂ, ಕರೆಂಟು ಹೋದರೂ ಬೆಳಗಾಗುತ್ತದೆ. ನನ್ನ ಲೆಕ್ಕದಲ್ಲಿ ಅಸ್ತಾನಾದ ಸಾಧನೆ ಸುರುಳಿಗಿಂತ ಈ ಬ್ಯಾಟರಿಯೇ.

ಆದರೆ ಲಿಥಿಯಂ ಬ್ಯಾಟರಿಗೂ ವಯಸ್ಸಾಗುತ್ತದೆ. ವೈರಿನ ಪಂಪಿನಲ್ಲಿ ಹಳೆಯದನ್ನು ಕಳಚಿ ಹೊಸದು ಸಿಕ್ಕಿಸಿದರಾಯಿತು. ಒಳಗಿನದಕ್ಕೆ ಚಾಕು ಹಿಡಿಯಬೇಕು. ಸಭೆಯಲ್ಲಿರುವ ಎಂಜಿನಿಯರ್ ಮಿತ್ರರು ಸುರುಳಿಯ ದಕ್ಷತೆಯನ್ನು ಇನ್ನೆರಡು ಪಾಲು ಏರಿಸುವ ಮುಂಚೆ, ಆ ಬ್ಯಾಟರಿಯನ್ನು ಪೇಸ್‌ಮೇಕರಿನ ಹಾಗೆ ಕೊರಳೆಲುಬಿನ ಕೆಳಗೆ, ಎದೆಗೂಡು ತೆರೆಯದೆ ಬದಲಿಸಬಲ್ಲ ಜಾಗದಲ್ಲಿಡುವುದು ಹೇಗೆಂದು ಯೋಚಿಸಲಿ.