ವಾಣಿಜ್ಯ ಪಾಠವೂ ಹೊಸ ಯಂತ್ರವೂ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ವೇದಿಕೆಯ ಮೇಲೆ ನಿಂತು ಮಾತನಾಡುವ ಅಭ್ಯಾಸ ಬ್ಯಾಂಕಿನ ಗುಮಾಸ್ತರಾದ ನಮಗಿಲ್ಲ. ನಮ್ಮದೇನಿದ್ದರೂ ಗಾಜಿನ ಹಿಂದೆ ಕುಳಿತು ಚೀಟಿ ನೋಡುವ ಕೆಲಸ. ಆದರೂ ನಮ್ಮ ಮಕ್ಕಳಲ್ಲಿ ಬಿ.ಕಾಂ. ಓದುವವರು ಬಹುಮಂದಿ ಇರುವುದರಿಂದ ಕಾರ್ಯದರ್ಶಿಗಳ ಮಾತನ್ನು ಮೀರಲಾಗಲಿಲ್ಲ.

ವಿಶ್ವವಿದ್ಯಾಲಯದ ಪಾಠ ಪರದೆಯ ಮೇಲೆ ಬರುವುದು ಹೊಸತೇನಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ ಪಾಠಗಳು 1984ರಿಂದಲೇ ದೂರದರ್ಶನದಲ್ಲಿ ಬರತೊಡಗಿದ್ದುವು. 2017ರಲ್ಲಿ 'ಸ್ವಯಂ' ಬಂದಿತು. 2021ರ ನಿಯಮದಂತೆ ಒಂದು ಸೆಮಿಸ್ಟರಿನ ವಿಷಯಗಳಲ್ಲಿ ನೂರಕ್ಕೆ 40ರವರೆಗೆ ಅಲ್ಲಿ ಕಲಿತು ಪದವಿಗೆ ಸೇರಿಸಿಕೊಳ್ಳಲು ಅವಕಾಶವುಂಟು. ದುಡಿಯುತ್ತ ಓದುವವನಿಗೆ ಇದು ದೊಡ್ಡ ಉಪಕಾರ. ಈ ಮುಂಬಯಿಯಲ್ಲಿ ಹೋಟೆಲಿನ ಕೆಲಸ ಮುಗಿಸಿ ರಾತ್ರಿಶಾಲೆಗೆ ಓಡಿದ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಈಚೆಗೆ ನಡೆದುದೊಂದನ್ನು ಹೇಳಬೇಕು. ಸಣ್ಣ ಉಪಾಹಾರಗೃಹ ನಡೆಸುವ ಪರಿಚಿತರೊಬ್ಬರು ನಮ್ಮನ್ನು ತಡೆದು, "ಏನಪ್ಪಾ, ನಿಮ್ಮ ಬ್ಯಾಂಕಿನವರು ನಮ್ಮ ನಾಲ್ಕೂವರೆ ಸಾವಿರ ನುಂಗಿದರಲ್ಲ!" ಎಂದರು. ಅವರ ಪುಸ್ತಕದಲ್ಲಿ ಶಿಲ್ಕು 50,000, ಪಾಸ್‌ಬುಕ್ಕಿನಲ್ಲಿ 45,500. ಮಗ ಬಿ.ಕಾಂ. ಎರಡನೆಯ ವರ್ಷ. ಲೆಕ್ಕಶಾಸ್ತ್ರದ ವಿಡಿಯೋ ಪಾಠವನ್ನು ಇಮ್ಮಡಿ ವೇಗದಲ್ಲಿ ಓಡಿಸಿ ನೋಡಿ ಪ್ರಮಾಣಪತ್ರವನ್ನೂ ಪಡೆದಿದ್ದ. ಅವನಿಗೂ ಈ ವ್ಯತ್ಯಾಸ ತಿಳಿಯಲಿಲ್ಲ.

ಅವನನ್ನು ನಗುವ ಹಕ್ಕು ನಮಗಿಲ್ಲ. ನಾವೂ ಈ ಲೆಕ್ಕವನ್ನು ಉರುಹೊಡೆದೇ ಪಾಸಾದವರು. ಪಾಸ್‌ಬುಕ್ಕಿನಲ್ಲಿ ನಿಮ್ಮ ಹಣ 'ಕ್ರೆಡಿಟ್' ಎಂದಿರುವುದು ಅದು ಬ್ಯಾಂಕು ನಿಮಗೆ ಕೊಡಬೇಕಾದ ಸಾಲವಾದುದರಿಂದ ಎಂಬುದು ನಮಗೆ ಹೊಳೆದದ್ದು ಕೆಲಸಕ್ಕೆ ಸೇರಿದ ಮೇಲೆಯೇ.

ಆ ಭಾನುವಾರ ಸಂಘದ ಕೋಣೆಯಲ್ಲಿ ಹುಡುಗನನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ಎಕ್ಸೆಲ್ ಹಾಳೆಯಲ್ಲಿ ಅವನೇ ಬರೆಯುವಂತೆ ಮಾಡಿದೆವು. ಬ್ಯಾಂಕಿಗೆ ಕಟ್ಟಿಯೂ ಇನ್ನೂ ವಸೂಲಾಗದ ಚೆಕ್ಕು 12,000; ದಿನಸಿ ಅಂಗಡಿಯವರಿಗೆ ಕೊಟ್ಟಿದ್ದು ಅವರು ಇನ್ನೂ ಬ್ಯಾಂಕಿಗೆ ಹಾಕದೆ ಇಟ್ಟುಕೊಂಡ ಚೆಕ್ಕು 8,000; ಬ್ಯಾಂಕಿನ ಶುಲ್ಕ 500. ಮೊದಲು ಅವನು 8,000ವನ್ನೂ ಕಳೆದ. ಹಾಳೆ 29,500 ತೋರಿಸಿತು. ನಾವು ಸುಮ್ಮನಿದ್ದೆವು. ತುಸು ಹೊತ್ತಿನ ಮೇಲೆ, "ಅಣ್ಣಾ, ಆ ಚೆಕ್ಕು ಇನ್ನೂ ಬ್ಯಾಂಕಿಗೆ ಹೋಗೇ ಇಲ್ಲವಲ್ಲ, ಕಳೆಯುವುದು ಹೇಗೆ?" ಎಂದು ತಾನೇ ಕೇಳಿ ಕೂಡಿಸಿದ. 45,500 ಬಂತು. ಯಾರೂ ಏನನ್ನೂ ನುಂಗಿರಲಿಲ್ಲ, ಆ ಐನೂರರ ಹೊರತು!

ಇಂಥ ಹಾಳೆಯ ಕಲ್ಪನೆ ಮೂಡಿದ್ದೂ ವಾಣಿಜ್ಯದ ತರಗತಿಯಲ್ಲಿಯೇ ಎಂಬುದು ಗಮನಿಸತಕ್ಕ ಸಂಗತಿ. 1978ರಲ್ಲಿ ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿದ್ಯಾರ್ಥಿ ಡ್ಯಾನ್ ಬ್ರಿಕ್ಲಿನ್ ಕಪ್ಪುಹಲಗೆಯ ಪಾಠವನ್ನು ನೋಡುತ್ತಿದ್ದ. ಒಂದು ಅಂಕಿ ಬದಲಾದರೆ ಅಧ್ಯಾಪಕರು ಅದರ ಮುಂದಿನವನ್ನೆಲ್ಲ ಅಳಿಸಿ ಪುನಃ ಬರೆಯಬೇಕು. ಅಂಕಿಗಳು ತಾವೇ ಬದಲಾದರೆ ಹೇಗೆಂದು ಯೋಚಿಸಿ, ಗೆಳೆಯ ಬಾಬ್ ಫ್ರಾಂಕ್‌ಸ್ಟನ್‌ನೊಡನೆ ಅವನು ರಚಿಸಿದ 'ವಿಸಿಕ್ಯಾಲ್ಕ್' 1979ರಲ್ಲಿ ಮಾರುಕಟ್ಟೆಗೆ ಬಂದಿತು. ಅಳಿಸುವ ಶ್ರಮ ತಪ್ಪಿದುದರಿಂದ 'ಹೀಗಾದರೆ? ಹಾಗಾದರೆ?' ಎಂದು ಎಷ್ಟು ಸಲವಾದರೂ ಕೇಳಲು ಬಿಡುವಾಯಿತು.

ನಮ್ಮ ಹುಡುಗರ ಕೈಗೆ ಬರಬೇಕಾದದ್ದು ಈ ಬಿಡುವು. ಕಾಲೇಜು ಯಂತ್ರವನ್ನು ತರಿಸಿ ಪಾಠವನ್ನು ಚಲನಚಿತ್ರದಂತೆ ತೋರಿಸಿದರೆ, ಹಲಗೆ ಹೋಗಿ ಪರದೆ ಬಂದಂತಾಯಿತು, ಅಷ್ಟೆ. ಸಿದ್ಧ ತಂತ್ರಾಂಶವಂತೂ ಒಂದೇ ಗುಂಡಿಗೆ ತಾಳೆಪಟ್ಟಿಯನ್ನು ಇಳಿಸುತ್ತದೆ. ಅಂಗಡಿಯಲ್ಲಿ ಅದು ಬೇಕು. ಮೊದಲ ವರ್ಷದ ತರಗತಿಯಲ್ಲಿ ಬೇಡವೆಂದೇ ನಮ್ಮ ಅಭಿಪ್ರಾಯ. ಪ್ರಾಧ್ಯಾಪಕರು ಕ್ಷಮಿಸಬೇಕು.

ಮುಂದಿನ ಭಾನುವಾರ ಸಂಜೆ ಐದಕ್ಕೆ ಸಂಘದ ಕೋಣೆ ತೆರೆದಿರುತ್ತದೆ, ಎರಡು ಲ್ಯಾಪ್‌ಟಾಪುಗಳಿವೆ. ಮನೆಯ ಪಾಸ್‌ಬುಕ್ಕಿನ ಒಂದು ಪುಟವನ್ನು, ಹೆಸರು ಮತ್ತು ಖಾತೆಯ ಸಂಖ್ಯೆ ಬಿಟ್ಟು, ಕಾಗದದ ಮೇಲೆ ಬರೆದುಕೊಂಡು ಮಕ್ಕಳನ್ನು ಕಳುಹಿಸಿರಿ. ಮಾತು ಕನ್ನಡದಲ್ಲಿಯೇ ನಡೆಯುವುದು. ತಂದೆಯರು ಬಂದರೂ ಅಡ್ಡಿಯಿಲ್ಲ.